ಮೇಷ್ಟ್ರು ಮತ್ತು ಪುಟ್ ಅಪ್

ಕಾಲೇಜಿನ ಸಂಚಿಕೆಗೆ ಹಳೆಯ ನೆನಪು ಬರೆದುಕೊಡಿ ಅಂತ ಫೋನ್ ಬಂದಾಗ ಕ್ಯಾಂಟೀನ್ ಬಗ್ಗೆಯೋ ಕಾಲೇಜ್ ಡೇ ಬಗ್ಗೆಯೋ ಬರೆದರಾಯ್ತು ಅಂದುಕೊಂಡೆ. ಆದರೆ ಅದನ್ನೆಲ್ಲ ನನ್ನ ಬ್ಯಾಚಿನವರು ಹೇಗೂ ಬರೆಯುತ್ತಾರೆ. ನನಗೆ ಇಂಗ್ಲಿಷ್ ಮೇಷ್ಟ್ರ ಬಗ್ಗೆ ಬರೆಯಬೇಕು. ಅದರಲ್ಲೂ ಅವರು ಒಂದಿಡೀ ಪೀರಿಯಡ್ ಬಿಡದೆ ಜಗ್ಗಿದ ಪುಟ್ ಅಪ್ ಅನ್ನುವ ಇಂಗ್ಲಿಷ್ ಮಾತಿನ ಬಗ್ಗೆ.

ಆಗ ನಾವು ಬಿ.ಎ. ಮೊದಲ ವರ್ಷ. ಹೆಚ್ಚಿನವರು ಕನ್ನಡ ಮೀಡಿಯಂನಿಂದ ಬಂದವರು. ಫ್ರೇಸಲ್ ವರ್ಬ್, ಅಂದರೆ ಪುಟ್ ಅಪ್ ಥರ ಕ್ರಿಯಾಪದಕ್ಕೆ ಪುಟ್ಟ ಪದವೊಂದು ಅಂಟಿ ಹೊಸ ಅರ್ಥ ಕೊಡುವ ಜೋಡಿ, ನಮ್ಮ ಪಾಲಿಗೆ ಗೈಡಿನ ಕೊನೆಯಲ್ಲಿರುವ ಒಂದು ಪಟ್ಟಿ. ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆಯುವುದು, ಮಾರನೇ ದಿನ ಮರೆಯುವುದು. ಮೇಷ್ಟ್ರು ಆ ಪಟ್ಟಿಯನ್ನು ಮುಟ್ಟಲೇ ಇಲ್ಲ. "ಉರು ಹೊಡೀತೀರಲ್ಲ, ಆ ಹೊಡೆಯೋದು ಅಂದ್ರೆ ಏನು?" ಅಂತ ಶುರು ಮಾಡಿದರು. ಬೆಂಚುಗಳಿಂದ ಒಂದೊಂದೇ ಬಂತು. ಗೋಡೆಗೆ ಸುಣ್ಣ ಹೊಡೆಯುವುದು, ನಿದ್ದೆ ಹೊಡೆಯುವುದು, ಹರಟೆ ಹೊಡೆಯುವುದು, ಸೈಕಲ್ ಹೊಡೆಯುವುದು, ಮೀನಿನ ವಾಸನೆ ಹೊಡೆಯುವುದು. ಹಿಂದಿನಿಂದ ಯಾರೋ ಲಾಟರಿ ಅಂದರು.

"ಇಷ್ಟರಲ್ಲಿ ಯಾರಿಗಾದ್ರೂ ಏಟು ಬಿತ್ತಾ?"

ಬಿದ್ದಿರಲಿಲ್ಲ. "ಸುಣ್ಣ ಅಂದ ಕೂಡಲೇ ಯಾವ ಹೊಡೆಯೋದು ಅಂತ ನಿಮಗೆ ಗೊತ್ತಾಗ್ತದೆ. ಪುಟ್ ಅಪ್ ಕೂಡ ಅಷ್ಟೇ. ಅದನ್ನೊಂದೇ ದಿಟ್ಟಿಸಬೇಡಿ. ಅದರ ಜೊತೆ ಏನು ಬರ್ತದೆ ನೋಡಿ" ಅಂದರು.

ಹೊರಗೆ ಜುಲೈ ತಿಂಗಳ ಮಲೆನಾಡಿನ ಮಳೆ. ಬಾಗಿಲ ಮೂಲೆಯಲ್ಲಿ ನಮ್ಮ ಕೊಡೆಗಳ ರಾಶಿ. ಅದರಲ್ಲಿ ಒಂದನ್ನು ಎತ್ತಿಕೊಂಡು ಕ್ಲಾಸಿನೊಳಗೇ ಬಿಚ್ಚಿದರು. ಮುಂದಿನ ಬೆಂಚಿನವರ ಮೇಲೆ ನೀರು ಸಿಡಿಯಿತು. ಇದು ಪುಟ್ ಅಪ್ ದಿ ಅಂಬ್ರೆಲಾ. ಮಡಚಿದರೆ ಪುಟ್ ಡೌನ್. ಆಮೇಲೆ ಅವರು ಒಂದೊಂದು ವಸ್ತುವಿನ ಹೆಸರು ಹೇಳುವುದು, ನಾವು ಅರ್ಥ ಹೇಳುವುದು. ಟೆಂಟ್, ಬೇಲಿ, ಶೆಡ್ ಅಂದರೆ ಕಟ್ಟುವುದು. ನೋಟಿಸ್ ಅಂದರೆ ಹಚ್ಚುವುದು. ಬಾಡಿಗೆ ಅಂದರೆ ಏರಿಸುವುದು. ಚುನಾವಣೆಗೆ ಕ್ಯಾಂಡಿಡೇಟ್ ಅಂದರೆ ನಿಲ್ಲಿಸುವುದು. ಮನೆ ಅಂದು ಜೊತೆಗೆ ಫಾರ್ ಸೇಲ್ ಸೇರಿಸಿದರೆ ಮಾರಾಟಕ್ಕೆ ಇಡುವುದು. ನೆಂಟರು ಅಂದರೆ ರಾತ್ರಿ ಉಳಿಸಿಕೊಳ್ಳುವುದು. ಒಂದು ಗುಡ್ ಫೈಟ್ ಅಂದರೆ, ಸೋತರೂ ಸುಮ್ನೆ ಸೋಲದೆ ಎದುರು ನಿಲ್ಲುವುದು. ಯಾವುದನ್ನೂ ಅವರು ಬೋರ್ಡಿನ ಮೇಲೆ ಬರೆಯಲಿಲ್ಲ. ಆದರೂ ಒಂದೂ ಮರೆತಿಲ್ಲ.

ಅಪ್ ಅಂದಮೇಲೆ ಏನೋ ಒಂದು ಮೇಲೆ ಹೋಗಲೇಬೇಕು ಅಂತ ನಾವು ಲೆಕ್ಕ ಹಾಕಿದ್ದೆವು. ಅದಕ್ಕೂ ಅವರ ಹತ್ತಿರ ಉತ್ತರ ಇತ್ತು. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲ್ಲಿನಲ್ಲಿ ಯೇಸು ಪೇತ್ರನಿಗೆ ಪುಟ್ ಅಪ್ ದೈ ಸ್ವೋರ್ಡ್ ಅನ್ನುತ್ತಾನೆ. ಕತ್ತಿ ಮೇಲೆತ್ತು ಅಂತಲ್ಲ, ಒರೆಯೊಳಗೆ ಸೇರಿಸು ಅಂತ! ಅಮೆರಿಕದ ಹಳ್ಳಿಮನೆಗಳಲ್ಲಿ ಚಳಿಗಾಲಕ್ಕೆ ಅಂತ ಹಣ್ಣು, ತರಕಾರಿ ಬೇಯಿಸಿ ಬಾಟಲಿಗೆ ತುಂಬಿಡುವುದೂ ಪುಟ್ ಅಪ್. "ನಿಮ್ಮಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಹಾಕ್ತಾರಲ್ಲ, ಅವರು ಅಲ್ಲಿ ಹುಟ್ಟಿದ್ರೆ ಮಿಡಿ ಪುಟ್ ಅಪ್ ಮಾಡ್ತಿದ್ರು" ಅಂದರು. ನನಗೆ ಈಗಲೂ ಭರಣಿ ಕಂಡರೆ ಇದೇ ಮಾತು.

ವ್ಯಾಕರಣ ಅಂತ ಅವರು ಹೇಳಿದ್ದು ಒಂದೇ ಒಂದು. ನೋಟಿಸ್ ಅನ್ನುವ ಪದವನ್ನು ಪುಟ್ ಮತ್ತು ಅಪ್ ನಡುವೆ ಇಟ್ಟರೂ ಸರಿ, ಕೊನೆಗೆ ಇಟ್ಟರೂ ಸರಿ. ಆದರೆ ನೋಟಿಸ್ ಬದಲು ಇಟ್ ಅಂದರೆ ಅದರ ಜಾಗ ನಡುವೆಯೇ: ಪುಟ್ ಇಟ್ ಅಪ್. ಪುಟ್ ಅಪ್ ಇಟ್ ಅಂದರೆ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ. ಅದೇ, ಹಿಂದೆ ವಿತ್ ಬಂದು ಸೇರಿತೋ, ನಡುವೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ಪುಟ್ ಅಪ್ ವಿತ್ ಇಟ್. ಅರ್ಥವೂ ಬದಲು: ಬೇಜಾರಾದರೂ ತಡೆದುಕೊಳ್ಳುವುದು.

ಮಾರನೇ ದಿನಕ್ಕೆ ಒಂದೊಂದು ವಾಕ್ಯ ಬರೆದು ತರಲು ಹೇಳಿದರು. ಹಾಸ್ಟೆಲ್ಲಿನ ನಾವೆಲ್ಲ ಮಾತಾಡಿಕೊಳ್ಳದೆಯೇ ಒಂದೇ ವಾಕ್ಯ ಬರೆದಿದ್ದೆವು. ಮೆಸ್ ಬಿಲ್ ಅನ್ನು ಪುಟ್ ಅಪ್ ಮಾಡುತ್ತಾರೆ, ನಾವು ಸಾರಿನ ಜೊತೆ ಪುಟ್ ಅಪ್ ವಿತ್ ಮಾಡುತ್ತೇವೆ ಅಂತ. ಮೇಷ್ಟ್ರು ಎಲ್ಲ ಪುಸ್ತಕಗಳನ್ನೂ ನೋಡಿ, "ಹೂ ಪುಟ್ ಯೂ ಅಪ್ ಟು ದಿಸ್?" ಅಂದರು. ಅಂದರೆ, ಇದನ್ನು ಬರೆಯೋಕೆ ನಿಮಗೆ ಕುಮ್ಮಕ್ಕು ಕೊಟ್ಟವರು ಯಾರು? ಹೀಗೆ ಬೈಗುಳದಲ್ಲೇ ಇನ್ನೊಂದು ಅರ್ಥವೂ ಬಂದುಹೋಯಿತು. ಎತ್ತಿಕಟ್ಟುವುದು ಅನ್ನುತ್ತೇವಲ್ಲ, ಅದರ ಹತ್ತಿರದ್ದು. ಇಲ್ಲೂ ಎತ್ತುವುದು ಇದೆ, ನೋಡಿ.

ಇಂಗ್ಲಿಷ್ ನಮ್ಮಂಥವರಿಗೆ ಮಾತ್ರ ಕಷ್ಟ ಅಂತ ಕುಗ್ಗಿ ಕೂತವರಿಗೆ ಅವರು ಜಾನ್ಸನ್ ಕತೆ ಹೇಳುತ್ತಿದ್ದರು. 1755ರಲ್ಲಿ ನಿಘಂಟು ಮಾಡಿದ ಸ್ಯಾಮ್ಯುಯೆಲ್ ಜಾನ್ಸನ್ ಅದರ ಮುನ್ನುಡಿಯಲ್ಲೇ, ಹೊರಗಿನವರಿಗೆ ಎಲ್ಲಕ್ಕಿಂತ ಜಾಸ್ತಿ ಕಷ್ಟ ಕೊಡುವುದು ಕ್ರಿಯಾಪದಕ್ಕೆ ಬಾಲದಂತೆ ಅಂಟುವ ಈ ಪುಟ್ಟ ಪದಗಳು ಅಂತ ಬರೆದಿದ್ದಾನೆ. ಫ್ರೇಸಲ್ ವರ್ಬ್ ಅನ್ನುವ ಹೆಸರು ಬಳಕೆಗೆ ಬಂದದ್ದು ಎಷ್ಟೋ ತಡವಾಗಿ. 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ತಮ್ಮ ಪುಸ್ತಕದಲ್ಲಿ ಅದನ್ನು ಬಳಸಿದರು. ಸೂಚಿಸಿದ್ದು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬರಾದ ಹೆನ್ರಿ ಬ್ರಾಡ್ಲಿ.

ಇನ್ನೊಂದು ವಿಷಯದಲ್ಲಿ ಮೇಷ್ಟ್ರು ನನಗೆ ಬಹಳ ಇಷ್ಟ. ನಮ್ಮಲ್ಲಿ ಹೊಸಬರು ಸಿಕ್ಕರೆ, ವೇರ್ ಆರ್ ಯೂ ಪುಟ್ ಅಪ್ ಅಂತ ಕೇಳುವುದುಂಟು. ಎಲ್ಲಿ ಉಳಿದುಕೊಂಡಿದ್ದೀರಿ ಅಂತ. ಈಗಿನ ಇಂಗ್ಲೆಂಡಿನವರ ಬಾಯಲ್ಲಿ ಇದು ಅಪರೂಪ. ಹಾಗಂತ ಮೇಷ್ಟ್ರು ತಪ್ಪು ಅಂತ ಕೆಂಪು ಗೀಟು ಎಳೆಯಲಿಲ್ಲ. ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ ಕುದುರೆ ಗಾಡಿಯವರು ದಾರಿಯ ವಸತಿಗೃಹಗಳಲ್ಲಿ ಪುಟ್ ಅಪ್ ಆಗುತ್ತಿದ್ದರು, ಅಲ್ಲಿ ಮಾತು ಮುದಿಯಾಯ್ತು, ಇಲ್ಲಿ ಗಟ್ಟಿಯಾಗಿದೆ ಅಂದರು. "ಶಿವಮೊಗ್ಗದಲ್ಲಿ ಧೈರ್ಯವಾಗಿ ಕೇಳಿ. ಲಂಡನ್ನಿನಲ್ಲಿ ವೇರ್ ಆರ್ ಯೂ ಸ್ಟೇಯಿಂಗ್ ಅನ್ನಿ. ಮುಗೀತು." ಇಂಡಿಯನ್ ಇಂಗ್ಲಿಷ್ ಅಂದರೆ ಮೂಗು ಮುರಿಯುವವರನ್ನು ಕಂಡಾಗಲೆಲ್ಲ ನನಗೆ ಮೇಷ್ಟ್ರದೇ ಸರಿ ಅನ್ನಿಸುತ್ತದೆ.

ಆಮೇಲೆ ನನಗೆ ಸರ್ಕಾರಿ ಕೆಲಸ ಸಿಕ್ಕಿತು. ಮೇಷ್ಟ್ರು ಹೇಳದೇ ಬಿಟ್ಟ ಪುಟ್ ಅಪ್ ಒಂದು ಅಲ್ಲಿ ನನಗಾಗಿ ಕಾದಿತ್ತು. ಕಚೇರಿಯಲ್ಲಿ ಪತ್ರಗಳೆಲ್ಲ ಕನ್ನಡ. ಟಿಪ್ಪಣಿಯ ಕೊನೆಗೆ "ಆದೇಶಕ್ಕಾಗಿ ಮಂಡಿಸಿದೆ" ಅಂತಲೇ ಬರೆಯುತ್ತೇವೆ. ಆದರೆ ಬಾಯಿ ಬಿಟ್ಟರೆ ಎಲ್ಲರಿಗೂ ಪುಟ್ ಅಪ್ಪೇ. ಫೈಲ್ ಪುಟ್ ಅಪ್ ಮಾಡ್ರಿ, ಇನ್ನೂ ಪುಟ್ ಅಪ್ ಆಗಿಲ್ಲ, ನಾಳೆ ಪುಟ್ ಅಪ್ ಆಗತ್ತೆ. ಅರ್ಜಿ ಹಿಡಿದು ಬಂದ ರೈತರೂ, "ಮೇಡಂ, ನಮ್ಮ ಫೈಲ್ ಪುಟಪ್ ಆಯ್ತಾ?" ಅಂತಾರೆ. ಒಂದೇ ಪದ, ಒಂದೇ ಉಸಿರು.

ಇ-ಆಫೀಸ್ ಬಂದಮೇಲೆ ಕೆಂಪು ದಾರದ ಕಟ್ಟುಗಳು ಕಡಿಮೆಯಾಗಿವೆ. ಫೈಲ್ ಕೆಳಗಿನ ಮೇಜಿನಿಂದ ಮೇಲಿನವರಿಗೆ ಕಂಪ್ಯೂಟರಿನಲ್ಲೇ ಹೋಗುತ್ತದೆ. ನಮ್ಮ ಕೇಸ್ ವರ್ಕರ್ ಮಾತ್ರ ಬಟನ್ ಒತ್ತಿದ ಮೇಲೆ ಎದ್ದು ನನ್ನ ಟೇಬಲ್ಲಿನ ತನಕ ನಡೆದು ಬರುತ್ತಾನೆ. "ಮೇಡಂ, ಪುಟ್ ಅಪ್ ಮಾಡಿದೀನಿ." ಇಟ್ ಎಲ್ಲಿ ಹೋಯ್ತಪ್ಪಾ ಅಂತ ಒಮ್ಮೆ ಕೇಳಿದ್ದೆ. ಅವನು ಪಾಪ, ಸ್ಕ್ರೀನಿನಲ್ಲಿ ಹುಡುಕಲು ಹೋದ.