ವಾಟ್ಸಾಪ್ ಇದೆಯಲ್ಲ, ಇನ್ನೂ ಇಮೇಲ್ ಯಾಕೆ ಸಾರ್?

ಬೆಂಗಳೂರಲ್ಲಿ ಮರ ಉಳಿಸುವ ಸಭೆ ಎಲ್ಲೇ ನಡೆಯಲಿ, ಕಾಫಿ ಬರುವುದಕ್ಕೆ ಮುಂಚೆ ಈ ಪ್ರಶ್ನೆ ಬರುತ್ತದೆ. ಪ್ರಶ್ನೆಗಿಂತ ಆ ‘ಇನ್ನೂ’ ನನಗೆ ಚುಚ್ಚುತ್ತದೆ. ಅಜ್ಜ ಇನ್ನೂ ಇದ್ದಾರಾ ಅಂತ ಮನೆಯವರನ್ನೇ ಕೇಳಿದ ಹಾಗೆ.

ಇಮೇಲ್ ಲಿಸ್ಟ್, ಅಂದರೆ ಒಬ್ಬರು ಬರೆದ ಪತ್ರ ಸದಸ್ಯರೆಲ್ಲರಿಗೂ ಹೋಗುವ ಪಟ್ಟಿ, ಜನ ಸೇರಿಸುವುದಕ್ಕೆ ದಂಡ, ಒಪ್ಪಿದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉಕ್ಕಿನ ಸೇತುವೆಗೆ 812 ಮರ ಹೋಗುತ್ತವೆ ಅಂದಾಗ, 2016ರ ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಕೈ ಕೈ ಹಿಡಿದು ರಸ್ತೆ ಬದಿ ನಿಂತರು. ‘ಸ್ಟೀಲ್ ಫ್ಲೈಓವರ್ ಬೇಡ’ ಅನ್ನುವ ಹ್ಯಾಶ್‌ಟ್ಯಾಗ್ ಮಾಡಿದ ಆ ಕೆಲಸ ಯಾವ ಲಿಸ್ಟಿನಿಂದಲೂ ಆಗುತ್ತಿರಲಿಲ್ಲ. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು.

ಆದರೆ ‘ಇಮೇಲ್ ಜನಕ್ಕೆ ಬೇಜಾರಾಯ್ತು’ ಅನ್ನುತ್ತೀರಲ್ಲ, ಅದು ಅರ್ಧ ಮಾತ್ರ ನಿಜ. 2014ರ ಏಪ್ರಿಲ್‌ನಲ್ಲಿ ಯಾಹೂ ಡಿಮಾರ್ಕ್ ಅನ್ನುವ ನಿಯಮ ಬಿಗಿ ಮಾಡಿತು: ಯಾಹೂ ವಿಳಾಸದ ಪತ್ರಕ್ಕೆ ಯಾಹೂ ಸರ್ವರ್‌ನ ಗುರುತು ಇಲ್ಲದಿದ್ದರೆ ತಿರಸ್ಕರಿಸಿ. ಲಿಸ್ಟ್ ಮಾಡುವುದೇ ಒಬ್ಬರ ಪತ್ರವನ್ನು ತನ್ನ ಸರ್ವರ್‌ನಿಂದ ಎಲ್ಲರಿಗೂ ಹಂಚುವ ಕೆಲಸ. ಸಾಲದ್ದಕ್ಕೆ ವಿಷಯದ ಸಾಲಿಗೆ ತನ್ನ ಹೆಸರು ಅಂಟಿಸುತ್ತದೆ, ಗುರುತು ಕೆಡುತ್ತದೆ. ಯಾಹೂ ವಿಳಾಸದವರು ಲಿಸ್ಟಿಗೆ ಒಂದು ಸಾಲು ಬರೆದರೆ ಜಿಮೇಲ್ ಹಿಂದಕ್ಕೆ ಎಸೆಯುತ್ತಿತ್ತು. ಹಾಗೆ ಕೆಲವು ಸಲ ಆದರೆ ಲಿಸ್ಟಿನ ತಂತ್ರಾಂಶ ಜಿಮೇಲ್ ವಿಳಾಸವೇ ಸತ್ತಿದೆ ಅಂದುಕೊಂಡು ಅವರಿಗೆ ಪತ್ರ ನಿಲ್ಲಿಸುತ್ತಿತ್ತು. ಬರೆದವರು ಒಬ್ಬರು, ಹೊರಬಿದ್ದವರು ಇನ್ನೊಬ್ಬರು! ‘ಇಂದ’ ಅನ್ನುವಲ್ಲಿ ಲಿಸ್ಟಿನದೇ ವಿಳಾಸ ಹಾಕುವ ಸೆಟ್ಟಿಂಗ್ ಮದ್ದು. ಅದು ಗೊತ್ತಾಗುವ ಹೊತ್ತಿಗೆ ಎಷ್ಟೋ ಲಿಸ್ಟುಗಳು ಮೌನವಾಗಿದ್ದವು, ಎಲ್ಲರೂ ವಾಟ್ಸಾಪ್ ಗ್ರೂಪಿಗೆ ಹೋಗಿದ್ದರು.

ಗ್ರೂಪಿನಲ್ಲಿ ಏನು ಕೆಡುತ್ತದೆ? ಫೋಟೊ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಗಾತ್ರ ಇಳಿಯುತ್ತದೆ, ಒಳಗಿದ್ದ ದಿನಾಂಕ, ಜಾಗದ ಮಾಹಿತಿ ಉದುರಿಹೋಗುತ್ತದೆ. ಅದೇ ಚಿತ್ರವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿ, ಉಳಿಯುತ್ತದೆ. ದಿನಾಂಕ ಯಾಕೆ ಬೇಕು ಅಂದರೆ, 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಆ ನೋಟಿಸು ಹೊರಬಿದ್ದರೆ ಆಕ್ಷೇಪಣೆಯ ಗಡುವಿನ ಗಡಿಯಾರ ಓಡತೊಡಗುತ್ತದೆ. ಮರ ಕಡಿಯಲು ಅನುಮತಿ ಕೊಡುವ ವೃಕ್ಷ ಅಧಿಕಾರಿಗೆ ಬರೆಯುವ ಪತ್ರದಲ್ಲಿ ನೋಟಿಸಿನ ಸಂಖ್ಯೆ, ರಸ್ತೆ, ಮರದ ಜಾತಿ, ಎಣಿಕೆ ಇರಲಿ; ಸ್ವೀಕೃತಿ ಮೊಹರು ಹಾಕಿಸದೆ ಬರಬೇಡಿ. ಇಷ್ಟನ್ನು ಗ್ರೂಪಿನಲ್ಲಿ ಬರೆದರೆ ಮೇಲೆ ನಲವತ್ತು 🙏 ಬಂದು ಕೂರುತ್ತವೆ. ಇಮೇಲ್‌ನಲ್ಲಿ ಒಂದು ವಿಷಯಕ್ಕೆ ಒಂದೇ ಎಳೆ. ಆರು ತಿಂಗಳಾದ ಮೇಲೂ ವಕೀಲರಿಗೆ ಹಾಗೇ ಕಳಿಸಬಹುದು.

ನನ್ನನ್ನು ಕೇಳಬೇಕಾದದ್ದು ಬೇರೆ: ಲಿಸ್ಟಿನ ಹಳೆಯ ಪತ್ರಗಳು ಈಗ ಯಾರ ಹತ್ತಿರ ಇವೆ? ಯಾರೂ ಕೇಳುವುದಿಲ್ಲ. ಇಂಥ ಲಿಸ್ಟುಗಳನ್ನು ನಡೆಸಲು ಜಾಗ ಕೊಡುತ್ತಿದ್ದ ಯಾಹೂ ಗ್ರೂಪ್ಸ್ 2019ರ ಡಿಸೆಂಬರ್‌ನಲ್ಲಿ ಜಾಲತಾಣದಲ್ಲಿದ್ದ ಹಳೆಯ ಪತ್ರ, ಕಡತಗಳನ್ನು ತೆಗೆದುಹಾಕಿತು, ಮರುವರ್ಷ ಅದೇ ತಿಂಗಳು ಬಾಗಿಲೇ ಹಾಕಿತು. ಇಳಿಸಿಕೊಂಡವರ ಬಳಿ ಉಳಿಯಿತು, ಉಳಿದವರದು ಹೋಯಿತು.

ನಿಮ್ಮ ಗ್ರೂಪಿಗೂ ಇದೇ ಗತಿ ಬಾರದಿರಲಿ. ತಿಂಗಳ ಒಂದನೇ ತಾರೀಖು, ಸಂದೇಶಗಳನ್ನು ಕಡತವಾಗಿ ಇಳಿಸಿಕೊಡುವ ‘ಎಕ್ಸ್‌ಪೋರ್ಟ್ ಚಾಟ್’ ಒತ್ತಿ, ಅದೂ ಎಲ್ಲರಿಗಿಂತ ಮೊದಲು ಸೇರಿದವರ ಫೋನಿನಿಂದ. ಮೊನ್ನೆ ಸೇರಿದವರ ಫೋನಿನಲ್ಲಿ ಮೊನ್ನೆಯಿಂದೀಚಿನದು ಇರುತ್ತದೆ. ಮೀಡಿಯಾ ಸಮೇತ ಆದರೆ 10,000 ಸಂದೇಶ, ಇಲ್ಲದಿದ್ದರೆ 40,000 ಅಂತ ಮಿತಿ. ಹೆಚ್ಚು ಸಿಗುತ್ತದಲ್ಲ ಅಂತ ಮೀಡಿಯಾ ಬಿಟ್ಟಿರೋ, ಗುಡ್ ಮಾರ್ನಿಂಗ್ ಗುಲಾಬಿಯ ಜೊತೆ ನೋಟಿಸಿನ ಫೋಟೊವೂ ಹೋಯಿತು. ನೋಟಿಸು ಬಂದ ದಿನವೇ ಅದರ ಫೋಟೊವನ್ನು, ದಿನಾಂಕವನ್ನೇ ಕಡತದ ಹೆಸರಾಗಿಟ್ಟು, ಇಬ್ಬರ ಕೈಯಲ್ಲಿ ಪಾಸ್‌ವರ್ಡ್ ಇರುವ ಕಡೆ ಇಡಿ.