ಗುಲ್‌ಮಾರ್ಗ್‌ನಲ್ಲಿ ಎರಡನೇ ಹಂತದ ಗೊಂಡೊಲಾ ಹತ್ತುವ ಮುನ್ನ

ಕಾಶ್ಮೀರದ ಈ ಗೊಂಡೊಲಾದ (ಕೇಬಲ್ ಕಾರ್) ಮೊದಲ ಹಂತ ಕೊಂಗ್‌ಡೋರಿಗೆ ಮುಗಿಯುತ್ತದೆ. ಅಲ್ಲಿಂದ ಎರಡನೇ ಹಂತದ್ದು ಅಫರ್ವತ್ ಬೆಟ್ಟದ ಮೇಲೆ ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಬೆವರು ಹರಿಸದೆ ಅಷ್ಟು ಮೇಲೆ ಹೋಗುವುದೇ ಇಲ್ಲಿನ ಅಪಾಯ: ಹತ್ತುವಾಗ ಕಾಲಡಿಯ ಹಿಮ ಹೇಗಿದೆ ಅಂತ ತಿಳಿಯುವ ಅವಕಾಶವೇ ಸಿಗುವುದಿಲ್ಲ. ನಿಲ್ದಾಣದ ಮುಂದಿನ ಇಳಿಜಾರನ್ನು ಸ್ಕೀ ಪ್ಯಾಟ್ರೋಲ್ (ಸ್ಕೀ ಇಳಿಜಾರಿನ ಸುರಕ್ಷತಾ ತಂಡ) ನೋಡಿಕೊಳ್ಳುತ್ತದೆ. ಅದರಾಚೆಗೆ ಹೊಣೆ ನಿಮ್ಮದೇ. 2023ರ ಫೆಬ್ರವರಿ 1ರಂದು ಹಾಪತ್‌ಖುಡ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಪೋಲೆಂಡಿನ ಇಬ್ಬರು ತೀರಿಕೊಂಡರು. ಮರುವರ್ಷ ಫೆಬ್ರವರಿಯಲ್ಲಿ ಖಿಲನ್‌ಮಾರ್ಗ್ ಕಡೆ ರಷ್ಯಾದ ಒಬ್ಬರು.

ಭಾರೀ ಹಿಮ ಬಿದ್ದ ಮೇಲೆ ಎರಡನೇ ಹಂತ ಮುಚ್ಚಿರುತ್ತದೆ. ಅದಕ್ಕೆ ಬೇಸರ ಬೇಡ, ಪ್ರವಾಸಕ್ಕೆ ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಮತ್ತೆ ತೆರೆದ ಮೊದಲ ಬಿಸಿಲಿನ ದಿನವೇ ಜನ ಮೈಮರೆಯುವುದು. ಗಾಳಿಯ ಮರೆಯಲ್ಲಿರುವ ಇಳಿಜಾರಿನ ಮೇಲೆ ಹಿಮ ಗಟ್ಟಿ ಹಲಗೆಯಾಗಿ ಕೂತಿರುತ್ತದೆ. ಹೆಜ್ಜೆ ಇಟ್ಟಾಗ 'ಧುಮ್' ಎಂದು ಕುಸಿದ ಸದ್ದು ಬಂದರೆ, ಸ್ಕೀ ತುದಿಯಿಂದ ಬಿರುಕು ಓಡಿದರೆ ಅಲ್ಲಿಂದಲೇ ಹಿಂದಿರುಗಿ.

ಸದ್ದಿಲ್ಲದಿದ್ದರೂ ಹಿಮದ ತಳದ ಪದರ ನೋಡಲೇಬೇಕು. ಋತುವಿನ ಆರಂಭದ ತೆಳು ಹಿಮದಲ್ಲಿ ನೆಲದ ಬಿಸುಪಿಗೂ ಮೇಲಿನ ಚಳಿಗೂ ಅಂತರ ಹೆಚ್ಚು. ಹಾಗಾಗಿ ತಳದ ಹರಳುಗಳು ದಪ್ಪಗಾಗಿ ಒಂದಕ್ಕೊಂದು ಅಂಟದೆ ಸಕ್ಕರೆಯಂತೆ ಉದುರುತ್ತವೆ. ಆಮೇಲೆ ಬೀಳುವ ಹಿಮವೆಲ್ಲ ಅದರ ಮೇಲೇ ನಿಲ್ಲುತ್ತದೆ. ನೀವು ಇಳಿಯಲಿರುವ ಇಳಿಜಾರಿನ ದಿಕ್ಕಿಗೇ ಮುಖ ಮಾಡಿದ, ಆದರೆ ಜಾರದಷ್ಟು ಚಿಕ್ಕ ಇಳಿಜಾರಿನಲ್ಲಿ ಗುಂಡಿ ತೋಡಿ. ಅಡ್ಡಕ್ಕೆ 30 ಸೆಂಮೀ, ಇಳಿಜಾರಿನ ಮೇಲ್ಮುಖಕ್ಕೆ 30 ಸೆಂಮೀ ಇರುವ ಹಿಮದ ಕಂಬವನ್ನು ಸುತ್ತಲೂ ಬಿಡಿಸಿ, ಮೇಲೆ ಸಲಿಕೆಯ ಅಲಗು ಇಟ್ಟು ತಟ್ಟಿ: ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಹೆಗಲಿನಿಂದ 10 ಪೆಟ್ಟು. ಬೇಗ ಮುರಿದು, ಪದರ ನುಣ್ಣಗೆ ಹೊರಜಾರಿದರೆ 30 ಡಿಗ್ರಿಗಿಂತ ಕಡಿದಾದ ಜಾಗ ಬಿಟ್ಟುಬಿಡಿ. ಗಟ್ಟಿಯಾಗಿ ನಿಂತಿತೆಂದು ಮಾತ್ರ ಧೈರ್ಯ ಮಾಡಬೇಡಿ, ಹತ್ತು ಮಾರು ಆಚೆ ಹಿಮವೇ ಬೇರೆ ಇರಬಹುದು.

ಬೀಕನ್ (ಹೂತವರನ್ನು ಪತ್ತೆಹಚ್ಚಲು ಸಂಕೇತ ಕಳಿಸುವ, ಹಿಡಿಯುವ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಮೂರೂ ಪ್ರತಿಯೊಬ್ಬರ ಬಳಿ ಇರಬೇಕು. ಫೋನನ್ನು ಬೀಕನ್‌ನಿಂದ ಕನಿಷ್ಠ 20 ಸೆಂಮೀ ದೂರವಿಡಿ, ಹುಡುಕುವಾಗ 50. ಇಳಿಜಾರಿಗೆ ಒಬ್ಬೊಬ್ಬರಾಗಿ ಇಳಿಯಿರಿ, ಉಳಿದವರು ಕಣ್ಣಿಟ್ಟಿರಲಿ. ಹೂತವರಿಗೆ ಮೊದಲ 10–15 ನಿಮಿಷವೇ ಜೀವ. ಹೊರಗಿನ ಸಹಾಯ ಅಷ್ಟರಲ್ಲಿ ಬರುವುದಿಲ್ಲ. ಪ್ರೋಬ್ ತಾಗಿದ ಮೇಲೆ ಅದನ್ನು ಕೀಳದೆ ಅಲ್ಲೇ ಬಿಡಿ. ನೇರ ಕೆಳಕ್ಕೆ ತೋಡದೆ, ಇಳಿಜಾರಿನ ಕೆಳಬದಿಯಿಂದ ಪ್ರೋಬ್ ಕಡೆಗೆ ತೋಡುತ್ತ ಬನ್ನಿ. ಮೊದಲು ಮುಖ ಬಿಡಿಸಿ, ಬಾಯಿ-ಮೂಗಿನ ಹಿಮ ತೆಗೆಯಿರಿ.