ಅಮಾವಾಸ್ಯೆ ನೋಡಿ ಬುಕ್ ಮಾಡಿದ ಟಿಕೆಟ್

2025ರ ಗೌರಿ ಹಬ್ಬಕ್ಕೆ ಎರಡೇ ದಿನ ಇತ್ತು. ಅಟ್ಟದಿಂದ ಇಳಿಸಿದ ಹಿತ್ತಾಳೆ ಪಾತ್ರೆಗಳು ಹಾಲ್ ತುಂಬ ಹರಡಿಕೊಂಡಿದ್ದವು. ಹುಣಸೆಹಣ್ಣು ನೆನೆಹಾಕಿ ಉಜ್ಜಲು ಕೂತಿದ್ದೆ. ಅಂಥ ಭಾನುವಾರವನ್ನೇ ಹುಡುಕಿಕೊಂಡು ಮ್ಯೂನಿಕ್‌ನಿಂದ ಮಗಳು ವೀಡಿಯೊ ಕಾಲ್ ಮಾಡಿದಳು. "ಅಮ್ಮ, ಇವತ್ತು ಡೇಟ್ ಫಿಕ್ಸ್ ಆಗ್ಲೇಬೇಕು. ಇನ್ನೂ ತಡ ಮಾಡಿದ್ರೆ ಟಿಕೆಟ್ ರೇಟ್ ಕೇಳಿ ನೀನೇ ಬೇಡ ಅಂತೀಯ."

ನಾರ್ದರ್ನ್ ಲೈಟ್ಸ್, ಅಂದರೆ ಧ್ರುವದ ಕಡೆಯ ರಾತ್ರಿ ಆಕಾಶದಲ್ಲಿ ಕಾಣುವ ಅರೋರಾ ಬೆಳಕು, ನೋಡುವ ಆಸೆ ಮೂಲದಲ್ಲಿ ಮಾವನವರದ್ದು. ಹಾಸನದ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಸೂರ್ಯನಿಂದ ಹೊರಟ ಕಣಗಳು ಭೂಮಿಯ ಕಾಂತಕ್ಷೇತ್ರ ಹಿಡಿದು ಧ್ರುವದ ಕಡೆ ಇಳಿದು, ನೂರು ಕಿಲೋಮೀಟರ್ ಮೇಲಿರುವ ಆಮ್ಲಜನಕಕ್ಕೆ ಬಡಿದು ಹಸಿರು ಬೆಳಕು ಕೊಡುತ್ತವೆ ಎಂದು ಎಷ್ಟೋ ಬ್ಯಾಚಿನ ಮಕ್ಕಳಿಗೆ ಹೇಳಿಕೊಟ್ಟಿದ್ದಾರೆ. ಬೋರ್ಡಿನ ಮೇಲೆ ಅದನ್ನು ಬರೆದದ್ದು ಬಿಳಿ ಸೀಮೆಸುಣ್ಣದಲ್ಲಿ, ಹಸಿರು ಸ್ಟಾಕ್ ಇರುತ್ತಿರಲಿಲ್ಲವಂತೆ. ಮೊಮ್ಮಗಳು ಜರ್ಮನಿಗೆ ಹೋದ ಮೇಲೆ "ಅಲ್ಲಿಂದ ಎಷ್ಟು ದೂರ ಆಗುತ್ತೆ?" ಎಂದು ಕೇಳಿದ್ದೇ ಈ ಎಲ್ಲ ರಾಮಾಯಣಕ್ಕೆ ಕಾರಣ.

ಮೊದಲು ಊರು ಆಗಬೇಕಿತ್ತು. ಆ ವಾರವೇ ಸ್ವೀಡನ್ನಿನ ಕಿರುನಾದಲ್ಲಿ 1912ರ ಮರದ ಚರ್ಚನ್ನು ಇಡಿಯಾಗಿ ಎತ್ತಿ, ಟ್ರೇಲರ್ ಮೇಲಿಟ್ಟು, ಐದು ಕಿಲೋಮೀಟರ್ ಆಚೆ ಸಾಗಿಸಿದ್ದರು. ಊರಿನ ಕೆಳಗೆ ಕಬ್ಬಿಣದ ಅದಿರಿನ ಗಣಿ. ಗಣಿ ಆಳಕ್ಕೆ ಹೋದ ಹಾಗೆ ಮೇಲಿನ ನೆಲ ಕುಸಿಯುತ್ತದೆ, ಅದಕ್ಕೆ ಊರನ್ನೇ ಜರುಗಿಸುತ್ತಿದ್ದಾರೆ. 672 ಟನ್ ತೂಕದ ಚರ್ಚು ಎರಡು ದಿನ ತೆವಳಿದ್ದನ್ನು ಮಾವ ಮೊಬೈಲಿನಲ್ಲಿ ನೋಡುತ್ತ ಕೂತು ಎರಡೂ ದಿನ ಕಾಫಿ ಆರಿಸಿಕೊಂಡಿದ್ದರು. ಹಾಗಾಗಿ ಅವರ ಓಟು ಕಿರುನಾಕ್ಕೆ. ಮಗಳೂ ಒಪ್ಪುವವಳೇ, ಕಿರುನಾದಿಂದ ಮುಂದೆ ಅಬಿಸ್ಕೊ ಎಂಬ ಪುಟ್ಟ ಊರಿದೆ, ಪಶ್ಚಿಮದ ಬೆಟ್ಟಗಳು ಸಮುದ್ರದ ಮೋಡವನ್ನು ತಡೆಯುವುದರಿಂದ ಅಲ್ಲಿ ಆಕಾಶ ತಿಳಿಯಾಗಿರುವ ರಾತ್ರಿಗಳು ಹೆಚ್ಚು. ನಮ್ಮ ಪಶ್ಚಿಮ ಘಟ್ಟದ ಈಚೆ ಮಳೆ ಕಡಿಮೆಯಾಗುವ ಲೆಕ್ಕವೇ. ಅರೋರಾ ಒಂದೇ ಗುರಿ ಎನ್ನುವವರಿಗೆ ನಾನೂ ಅಬಿಸ್ಕೊ ಎಂದೇ ಹೇಳುತ್ತೇನೆ. ಆದರೆ ಎಪ್ಪತ್ತು ದಾಟಿದ, ಬಿ.ಪಿ. ಮಾತ್ರೆ ತೆಗೆದುಕೊಳ್ಳುವ ಮನುಷ್ಯನನ್ನು ಕರೆದುಕೊಂಡು ಹೋಗುವಾಗ ನನಗೆ ಹತ್ತಿರದಲ್ಲಿ ದೊಡ್ಡ ಆಸ್ಪತ್ರೆ, ಮನೆ ಬಾಗಿಲ ಹತ್ತಿರ ಅಂಗಡಿ, ಸಂಜೆ ಸುತ್ತಾಡಲು ಬೀದಿ ಬೇಕು. ನಾರ್ವೆಯ ಟ್ರೊಮ್ಸೊದಲ್ಲಿ ಮೂರೂ ಇವೆ. ಓಸ್ಲೊದಿಂದ ಎರಡು ಗಂಟೆಯೊಳಗಿನ ವಿಮಾನ.

ನಡುವೆ ಮಾವ ಇನ್ನೊಂದು ಬಾಣ ಬಿಟ್ಟರು. "ಹಿಮಾದ್ರಿ ನೋಡೋಕಾಗಲ್ವಾ?" ಹಿಮಾದ್ರಿ ಎಂದರೆ ನಾರ್ವೆಗೂ ಉತ್ತರಕ್ಕಿರುವ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ 2008ರಿಂದ ಇರುವ ಭಾರತದ ಸಂಶೋಧನಾ ಕೇಂದ್ರ. 2023ರ ಡಿಸೆಂಬರಿನಲ್ಲಿ ಮೊದಲ ಸಲ ಚಳಿಗಾಲದಲ್ಲೂ ಅಲ್ಲಿಗೆ ನಮ್ಮ ವಿಜ್ಞಾನಿಗಳು ಹೋದರು. ಮೊದಲ ತಂಡದಲ್ಲಿ ಮೇಖ್ರಿ ಸರ್ಕಲ್ ಹತ್ತಿರದ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಆ ನೆಲೆಯ ಸುತ್ತ ವೈಫೈ, ಬ್ಲೂಟೂತ್ ಕೂಡ ಹಾಕುವ ಹಾಗಿಲ್ಲ, ರೇಡಿಯೊ ಅಲೆಗಳಿಗೆ ಅಷ್ಟು ಮಡಿ. ಆ ಪೇಪರ್ ಕಟಿಂಗ್ ಇನ್ನೂ ಮಾವನ ಡೈರಿಯಲ್ಲಿದೆ. ಮಗಳು ಸಮಾಧಾನದಿಂದಲೇ ಹೇಳಿದಳು: "ತಾತ, ಅದು ನಾವು ಹೋಗಿ ಬೆಲ್ ಮಾಡೋ ಜಾಗ ಅಲ್ಲ. ಸ್ವಾಲ್‌ಬಾರ್ಡ್ ಒಂದೇ ವೀಸಾದಲ್ಲಿ ಓಡಾಡೋ ಷೆಂಗೆನ್ ದೇಶಗಳ ಒಳಗೆ ಬರಲ್ಲ, ಹೋಗಿ ವಾಪಸ್ ಬರೋಕೆ ಕಡಿಮೆ ಅಂದ್ರೂ ಡಬಲ್ ಎಂಟ್ರಿ ವೀಸಾ ಬೇಕು. ಊರ ಗಡಿ ದಾಟಿದ್ರೆ ಹಿಮಕರಡಿ, ಬಂದೂಕು ಇರೋರ ಜೊತೆನೇ ಹೋಗ್ಬೇಕು. ಜನವರೀಲಿ ಮಧ್ಯಾಹ್ನ ಹನ್ನೆರಡಕ್ಕೂ ಕತ್ತಲೆ." ಕರಡಿಗೆ ಹೆದರದ ಮಾವ ಕೊನೆಯ ಮಾತಿಗೆ ಸುಮ್ಮನಾದರು.

ಚಳಿಯ ವಿಷಯಕ್ಕೆ ಬಂದರೆ, ಟ್ರೊಮ್ಸೊ ಇರುವುದು 69 ಡಿಗ್ರಿ ಉತ್ತರದಲ್ಲಿ, ಆರ್ಕ್‌ಟಿಕ್ ವೃತ್ತದಿಂದ ಸುಮಾರು 350 ಕಿಲೋಮೀಟರ್ ಮೇಲೆ. ಇವರು ಮೈನಸ್ 30 ಎಂದು ತಮ್ಮಷ್ಟಕ್ಕೇ ತೀರ್ಮಾನಿಸಿ ಆಫೀಸಿನಲ್ಲೆಲ್ಲ ಹೇಳಿಯೂ ಬಂದಿದ್ದರು. ನೋಡಿದರೆ ಜನವರಿಯ ಸರಾಸರಿ ಮೈನಸ್ 4ರ ಆಸುಪಾಸು! ಅಟ್ಲಾಂಟಿಕ್‌ನಿಂದ ಬರುವ ಬೆಚ್ಚಗಿನ ಪ್ರವಾಹ ಆ ಕರಾವಳಿಯನ್ನು ಕಾಯುತ್ತದೆ. ಜನವರಿಯ ಲೇಹ್ ಇದಕ್ಕಿಂತ ತಣ್ಣಗೆ. ಇವರ ಮುಖ ಸ್ವಲ್ಪ ಸಪ್ಪಗಾಯಿತು. ಒಳನಾಡಿಗೆ, ಫಿನ್‌ಲ್ಯಾಂಡ್ ಗಡಿಯ ಕಡೆ ಹೋದರೆ ಮೈನಸ್ 20, 30 ಸಿಗುತ್ತದೆ ಎಂದ ಮೇಲೆ ಚೇತರಿಸಿಕೊಂಡರು.

ಇನ್ನು ತಾರೀಕು. ಇಲ್ಲಿ ನಿಜವಾದ ಚರ್ಚೆ ಶುರುವಾಯಿತು.

ನಮ್ಮ ಏರಿಯಾದ ಒಂದು ಟ್ರಾವೆಲ್ ಏಜೆನ್ಸಿಯಿಂದ ಇವರು ಬ್ರೋಷರ್ ತಂದಿದ್ದರು. ಕ್ರಿಸ್‌ಮಸ್ ವಾರ, ಐದು ರಾತ್ರಿಗೆ ನಾಲ್ಕು ಊರು, ಮೇಲೆ ದಪ್ಪಕ್ಷರದಲ್ಲಿ 'ಅರೋರಾ ಗ್ಯಾರಂಟಿ'. ಅರೋರಾಕ್ಕೆ ಗ್ಯಾರಂಟಿ ಕೊಡುವವರು ನಾಳೆ ಮಳೆಗೂ ಕೊಟ್ಟಾರು. ನಾನು ತಿಳಿದುಕೊಂಡ ಮಟ್ಟಿಗೆ ಟ್ರೊಮ್ಸೊದಲ್ಲಿ ಅರೋರಾ ಬರುತ್ತದೋ ಇಲ್ಲವೋ ಎಂಬುದು ಅಷ್ಟು ದೊಡ್ಡ ಪ್ರಶ್ನೆಯಲ್ಲ. ಧ್ರುವದ ಸುತ್ತ ಬಳೆಯ ಹಾಗೆ ಇರುವ ಅರೋರಾ ವಲಯದ ನೇರ ಕೆಳಗೇ ಆ ಊರಿದೆ. ಮಗಳ ಆ್ಯಪ್‌ನಲ್ಲಿ ಅರೋರಾ ಎಷ್ಟು ಜೋರು ಎಂದು ಸೂಚಿಸುವ ಕೆಪಿ ಸೂಚ್ಯಂಕ ಒಂದು, ಎರಡು ಇದ್ದರೂ ಸಾಕು. ತೊಂದರೆ ಕೊಡುವುದು ಮೋಡ. ಸಮುದ್ರದ ದಡ, ಪಶ್ಚಿಮದ ಗಾಳಿ, ಮೋಡವಿಲ್ಲದ ರಾತ್ರಿಯೇ ಅಪರೂಪ. ಆದ್ದರಿಂದ ನಾಲ್ಕು ಊರು ಸುತ್ತುವುದಕ್ಕಿಂತ ಒಂದೇ ಊರಲ್ಲಿ ನಾಲ್ಕಾರು ರಾತ್ರಿ ಕೂರುವುದು ಲೇಸು. ಅರೋರಾ ತೋರಿಸಲು ಮಿನಿಬಸ್‌ನಲ್ಲಿ ಕರೆದೊಯ್ಯುವವರು ಉಪಗ್ರಹ ಚಿತ್ರ ನೋಡಿಕೊಂಡು ಮೋಡ ಹರಿದ ಕಡೆ ಓಡಿಸುತ್ತಾರೆ. ಕೆಲವು ರಾತ್ರಿ ಗಡಿ ದಾಟಿ ಫಿನ್‌ಲ್ಯಾಂಡಿಗೂ ಹೋಗುತ್ತಾರೆ, ಪಾಸ್‌ಪೋರ್ಟ್ ಜೇಬಿನಲ್ಲಿರಬೇಕು. ಒಬ್ಬರಿಗೆ 1500 ಕ್ರೋನೆಗೆ ಮೇಲೆ. ಕ್ರೋನೆಗೆ ಎಂಟೂವರೆ ರೂಪಾಯಿಯಂತೆ ಇವರು ಗುಣಿಸಿದರು, ನಾಲ್ಕು ಜನಕ್ಕೆ ಮತ್ತೆ ಗುಣಿಸಿದರು, ಫೋನ್ ಕೆಳಗಿಟ್ಟರು. ಮಾವ ಮಾತ್ರ ನಾರ್ವೆಯವರ ಹಳೆಯ 200 ಕ್ರೋನೆ ನೋಟಿನ ಮೇಲೆ ಬಿರ್ಕೆಲಾಂಡ್ ಚಿತ್ರ ಇತ್ತು, ಗಾಜಿನ ಪೆಟ್ಟಿಗೆಯ ನಿರ್ವಾತದಲ್ಲಿ ಕಾಂತದ ಗೋಲ ಇಟ್ಟು ಅರೋರಾ ಮಾಡಿ ತೋರಿಸಿದ ಮಹಾನುಭಾವ, ಎಂದು ಖುಷಿಪಟ್ಟರು.

ಮಾರ್ಚ್ ಒಳ್ಳೆಯದು ಎನ್ನುತ್ತಾರೆ. ಹಗಲು ರಾತ್ರಿ ಸಮವಾಗುವ ವಿಷುವದ ಹೊತ್ತಿಗೆ ಅರೋರಾ ಜೋರು, ಹಗಲೂ ಉದ್ದ. ಆದರೆ ಇವರು ಬ್ಯಾಂಕಿನವರು, ಮಾರ್ಚಿನಲ್ಲಿ ರಜೆ ಕೇಳುವುದು ಒಂದೇ, ರಾಜೀನಾಮೆ ಕೊಡುವುದು ಒಂದೇ. ಡಿಸೆಂಬರ್ ದುಬಾರಿ. ಉಳಿದದ್ದು ಜನವರಿ.

"ಯಾವ ಜನವರಿ? ಶುಕ್ಲಪಕ್ಷವೋ, ಕೃಷ್ಣಪಕ್ಷವೋ?" ಎಂದು ಮಾವ ಎದ್ದು ಹೋಗಿ ಮೊಳೆಗೆ ನೇತುಹಾಕಿದ್ದ ಒಂಟಿಕೊಪ್ಪಲ್ ಪಂಚಾಂಗ ತಂದರು. ಇವರಿಗೆ ನಗು. ನನಗೂ, ಒಂದು ಕ್ಷಣ. ಮಾವ ಲೆಕ್ಕಿಸಲಿಲ್ಲ. ನಾನು ಉಜ್ಜಿಟ್ಟಿದ್ದ ಚೊಂಬನ್ನು ಓರೆಯಾಗಿ ಹಿಡಿದರು, ಅದು ಭೂಮಿ. ಎದುರಿಗೆ ದೀಪದ ಕಂಬ, ಅದು ಸೂರ್ಯ. "ನೋಡಮ್ಮ, ಚಳಿಗಾಲದಲ್ಲಿ ಈ ಬಾಯಿ ಕಡೆ ಸೂರ್ಯ ಬೀಳಲ್ಲ. ಹುಣ್ಣಿಮೆ ಚಂದ್ರ ಎಲ್ಲಿರ್ತಾನೆ? ಸೂರ್ಯನಿಗೆ ಎದುರು. ಅಂದ್ರೆ ಸೂರ್ಯ ಮೇಲೇಳದ ಊರಲ್ಲಿ ಹುಣ್ಣಿಮೆ ಚಂದ್ರ ಮುಳುಗೋದೇ ಇಲ್ಲ, ದಿನವಿಡೀ ಸುತ್ತುತ್ತಾ ಇರ್ತಾನೆ. ಅಮಾವಾಸ್ಯೆ ಆಸುಪಾಸು ಅವನೂ ಸೂರ್ಯನ ಜೊತೆ ಕೆಳಗೇ. ಸಣ್ಣ ಅರೋರಾನೂ ಕಾಣುತ್ತೆ." ಫೋನಿನ ಪರದೆಯಲ್ಲಿ ಮಗಳು ಏನೋ ಟೈಪ್ ಮಾಡಿ ನೋಡಿ, "ತಾತ ಸರಿಯಾಗೇ ಹೇಳ್ತಿದ್ದಾರೆ" ಎಂದಳು. ಹುಣಸೆಹುಳಿ ಸೋರುತ್ತಿದ್ದ ಚೊಂಬು ಮಾವನ ಪಂಚೆಯ ಮೇಲೆ ಕಂದು ಕಲೆ ಮಾಡಿತ್ತು. ಇರಲಿ.

ವಿಶ್ವಾವಸು ಸಂವತ್ಸರದ ಪುಷ್ಯ ಅಮಾವಾಸ್ಯೆ 2026ರ ಜನವರಿ 18, ಭಾನುವಾರ. ಅದಕ್ಕೆ ತಾಳೆಯಾಗುವ ಇನ್ನೊಂದು ಸಂಗತಿ ಮಗಳ ಹತ್ತಿರ ಇತ್ತು. ಟ್ರೊಮ್ಸೊದಲ್ಲಿ ನವೆಂಬರ್ ಕೊನೆಗೆ ಮುಳುಗಿದ ಸೂರ್ಯ ಮತ್ತೆ ದಿಗಂತದ ಮೇಲೆ ಬರುವುದು ಜನವರಿ 15ರ ಹೊತ್ತಿಗೆ. ಸುತ್ತ ಬೆಟ್ಟಗಳಿರುವುದರಿಂದ ಊರಿನ ಬೀದಿಯಲ್ಲಿ ನಿಂತವರಿಗೆ ಕಾಣುವುದು 21ಕ್ಕೆ. ಅವತ್ತು ಅಲ್ಲಿ ಸೂರ್ಯನ ದಿನ. ಜ್ಯಾಮ್ ತುಂಬಿ ಕರಿದ ಸಿಹಿ ಬನ್ ತಿಂದು ಸೂರ್ಯನನ್ನು ಬರಮಾಡಿಕೊಳ್ಳುತ್ತಾರೆ. ಮಾವ ಪಂಚಾಂಗ ಮುಚ್ಚಿ ತೊಡೆ ತಟ್ಟಿದರು. "ಉತ್ತರಾಯಣ ನಿಜವಾಗಿ ಡಿಸೆಂಬರ್ 21ಕ್ಕೇ ಆಗಿಹೋಗಿರುತ್ತೆ, ನಮ್ಮ ಸಂಕ್ರಾಂತಿ ಶತಮಾನಗಳಲ್ಲಿ ಜಾರಿ ಜಾರಿ ಜನವರಿಗೆ ಬಂದಿದೆ ಅಂತ ಮಕ್ಕಳಿಗೆ ಪಾಠ ಮಾಡ್ತಿದ್ದೆ. ಟ್ರೊಮ್ಸೊದವರಿಗೆ ನೋಡು, ನಮ್ಮ ಸಂಕ್ರಾಂತಿನೇ ಕರೆಕ್ಟು!" ಅಲ್ಲಿಯ ತನಕ ಅರೋರಾ ಎಂದರೆ ಹೂಂ ಎನ್ನುತ್ತಿದ್ದ ನನಗೆ ಈ ಪ್ರವಾಸದಲ್ಲಿ ಮನಸ್ಸು ನೆಟ್ಟದ್ದು ಆಗಲೇ. ಹಸಿರು ಬೆಳಕು ಕಂಡರೆ ಲಾಭ. ಎರಡು ತಿಂಗಳು ಸೂರ್ಯನನ್ನು ಕಾಣದ ಊರು ಅವನನ್ನು ನೋಡಲು ಬೀದಿಗೆ ಬರುವ ದಿನ ನಾನಲ್ಲಿರಬೇಕು. ಅವತ್ತೂ ಮೋಡ ಕವಿದೀತು, ಅದು ಬೇರೆ ಮಾತು. ಬನ್ ಅಂತೂ ಸಿಕ್ಕೇ ಸಿಗುತ್ತದೆ.

ಹೀಗೆ ತೀರ್ಮಾನ: ಸಂಕ್ರಾಂತಿಗೆ ಎಳ್ಳುಬೆಲ್ಲ ಬೀರಿ ಮರುದಿನ ಹೊರಟು, 17ಕ್ಕೆ ಟ್ರೊಮ್ಸೊ, 23ಕ್ಕೆ ಅಲ್ಲಿಂದ ಬಿಟ್ಟು ಮಗಳ ಮನೆಯಲ್ಲಿ ತಿಂಗಳ ಕೊನೆಯ ತನಕ. ಹೆಚ್ಚು ದಿನ ಇರುವುದು ಜರ್ಮನಿಯಲ್ಲಾದ್ದರಿಂದ ವೀಸಾ ಅರ್ಜಿಯೂ ಜರ್ಮನಿಗೇ. 90 ಯೂರೊ ಶುಲ್ಕ, ಕಡಿಮೆ ಎಂದರೆ 30,000 ಯೂರೊ ಮೊತ್ತದ ಪ್ರವಾಸ ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟು, ಮಗಳ ಆಹ್ವಾನ ಪತ್ರ. ಕಾಗದಪತ್ರ ಇವರ ಖಾತೆ. ಮ್ಯೂನಿಕ್‌ನಿಂದ ಟ್ರೊಮ್ಸೊಗೆ ಹೋಗಿಬರುವುದು ಒಂದೇ ಟಿಕೆಟ್‌ನಲ್ಲಿ ಇರಲಿ ಎಂದು ನಾನು ಹಟ ಹಿಡಿದೆ. ಹಿಮಗಾಳಿಗೆ ಓಸ್ಲೊದಲ್ಲಿ ಮುಂದಿನ ವಿಮಾನ ತಪ್ಪಿದರೆ ಬೇರೆಯದಕ್ಕೆ ಹತ್ತಿಸುವುದು ಏರ್‌ಲೈನ್ಸ್‌ನವರ ತಲೆನೋವಾಗುತ್ತದೆ. ಬೇರೆ ಬೇರೆ ಟಿಕೆಟ್ ಆದರೆ ನಮ್ಮದು.

ಬಟ್ಟೆಯ ಪ್ರಕರಣ ಸಂಜೆಗೆ. ಒಳಗೆ ಮೈಗಂಟುವ ಉಣ್ಣೆ, ನಡುವೆ ಫ್ಲೀಸ್, ಮೇಲೆ ಗಾಳಿ ತಡೆಯುವ ಜಾಕೆಟ್. ಹತ್ತಿ ಬನಿಯನ್ ನಿಷಿದ್ಧ, ಬೆವರು ಹೀರಿಕೊಂಡು ಮೈಮೇಲೇ ತಣ್ಣಗಾಗುತ್ತದೆ. ಮಾವ ಹತ್ತಿ ಬನಿಯನ್ ಬಿಟ್ಟು ಬೇರೆ ಕಂಡವರಲ್ಲ. ಮಗಳು ಹೋದ ಸಲ ಬಂದಾಗ ತಂದಿಟ್ಟಿದ್ದ ಉಣ್ಣೆಯ ಒಳ ಅಂಗಿ ಹಾಕಿಸಿ, ಅದರ ಮೇಲೆ ಇವರ ಸ್ವೆಟರ್, ಅದರ ಮೇಲೆ ಮಳೆ ಜಾಕೆಟ್ ತೊಡಿಸಿ, ಫ್ಯಾನ್ ಐದರಲ್ಲಿಟ್ಟು ನಿಲ್ಲಿಸಿದೆವು. ಕೊನೆಗೆ ಅವರೇ ಬೀರುವಿನಿಂದ ಕಂದು ಬಣ್ಣದ ಮಂಕಿ ಕ್ಯಾಪ್ ತೆಗೆದು ಕಿವಿ ಮುಚ್ಚುವ ಹಾಗೆ ಎಳೆದುಕೊಂಡರು. ಇವರು, "ಅಪ್ಪ, ಅದನ್ನ ಹಾಕ್ಕೊಂಡು ಬಂದ್ರೆ ನಾನು ನಿಮ್ಮ ಜೊತೆ ನಡೆಯಲ್ಲ" ಎಂದರು. ಮಗಳು ಅಲ್ಲಿಂದಲೇ ತೀರ್ಪು ಕೊಟ್ಟಳು: "ಅದೇ ಬೆಸ್ಟು. ಇಲ್ಲಿ ಅದನ್ನೇ ಬಲಾಕ್ಲಾವ ಅಂತ ನಲವತ್ತು ಯೂರೊಗೆ ಮಾರ್ತಾರೆ." ಕೈಗೆ ಬೆರಳು ಬಿಡಿಯಾದ ಗ್ಲೌಸ್‌ಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಮಿಟನ್, ಬೂಟು ಒಂದು ಸೈಜ್ ದೊಡ್ಡದು, ದಪ್ಪ ಕಾಲುಚೀಲಕ್ಕೂ ಒಂದಿಷ್ಟು ಗಾಳಿಗೂ ಜಾಗ ಬೇಕು. ಸೊನ್ನೆಯ ಆಚೀಚೆ ಆಡುವ ಊರಾದ್ದರಿಂದ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ ಬೀದಿ ಗಾಜಿನಂತಾಗುತ್ತದೆ. ಬೂಟಿನ ಅಡಿಗೆ ಸಿಕ್ಕಿಸುವ ಮುಳ್ಳಿನ ರಬ್ಬರ್ ಪಟ್ಟಿ ಅಲ್ಲಿನ ಅಂಗಡಿಯಲ್ಲೇ ಸಿಗುತ್ತದಂತೆ. ವಿಮಾನ ಇಳಿದ ಮೇಲೆ ಮೊದಲ ಖರೀದಿ ಅದು. ಚಳಿ ಮಾವನನ್ನು ಏನೂ ಮಾಡಲಿಕ್ಕಿಲ್ಲ, ಜಾರಿ ಬೀಳುವುದೇ ನನ್ನ ಭಯ.

ಅಡುಗೆಮನೆ ಇರುವ ಫ್ಲ್ಯಾಟ್ ಹಿಡಿದಿದ್ದೇವೆ. ಅವಲಕ್ಕಿ, ಚಟ್ನಿಪುಡಿ, ಸಾರಿನಪುಡಿ ಸೂಟ್‌ಕೇಸಿಗೆ. ತುಪ್ಪ ಮಾತ್ರ ಒಯ್ಯುವಂತಿಲ್ಲ. ಹೊರದೇಶದ ಹಾಲಿನ ಪದಾರ್ಥ ಅಲ್ಲಿನ ಕಸ್ಟಮ್ಸ್‌ನವರು ಬಿಡುವುದಿಲ್ಲ. ಬೆಣ್ಣೆ ಅಲ್ಲೇ ಕೊಂಡು ಕಾಯಿಸಿದರಾಯಿತು.

ರಾತ್ರಿ ಊಟ ಮುಗಿದ ಮೇಲೆ ಮಗಳು ಕಾರ್ಡ್ ನಂಬರ್ ಹಾಕುತ್ತಿದ್ದಾಗ ಮಾವ ಗಂಭೀರವಾಗಿ ಕೇಳಿದರು. "ಅಲ್ಲ, ಸೂರ್ಯೋದಯ ಸರಿಯಾಗಿ ಆಗದ ಊರಲ್ಲಿ ಪ್ರಾತಃಸಂಧ್ಯಾವಂದನೆ ಯಾವಾಗ ಮಾಡೋದು?"

ಇವರು ಬೆಳಗ್ಗೆ ಎದ್ದಾಗ ಎಂದರು. ನಾನು, ಒಂಬತ್ತು ಗಂಟೆಗೆ ನೀಲಿ ಬೆಳಕು ಬರುತ್ತದಲ್ಲ ಆಗ ಎಂದೆ. ಮಾವನಿಗೆ ಎರಡೂ ಒಪ್ಪಿಗೆಯಾಗಲಿಲ್ಲ. "ನಮ್ಮೂರಿನ ಟೈಮೇ ಇಟ್ಕೊಳ್ತೀನಿ. ಜನವರೀಲಿ ಇಲ್ಲಿ ಸೂರ್ಯೋದಯ ಆರೂ ಮುಕ್ಕಾಲು."

"ತಾತ, ಆಗ ಇಲ್ಲಿಗೆ ನಾಲ್ಕೂವರೆ ಗಂಟೆ ವ್ಯತ್ಯಾಸ. ಅದು ಅಲ್ಲಿ ರಾತ್ರಿ ಎರಡೂಕಾಲು!"

"ಮಿನಿಬಸ್‌ನೋರು ವಾಪಸ್ ತಂದು ಬಿಡೋದು ಎಷ್ಟೊತ್ತಿಗೆ ಅಂದೆ?"

"ಒಂದು, ಎರಡು ಆಗುತ್ತೆ."

"ಸರಿ ಹೋಯ್ತಲ್ಲ. ಬಂದು ಕೈಕಾಲು ತೊಳ್ಕೊಂಡು, ಅರ್ಘ್ಯ ಕೊಟ್ಟು ಮಲಗ್ತೀನಿ. ಬುಕ್ ಮಾಡು."